ಎಚ್ಚರವನ್ನು ಕೊಳ್ಳಬಹುದೇ?

ಕಾಲಕಾಲಕ್ಕೆ ಹೊಸ ಸಾಧನಗಳು ಬಂದಂತೆಲ್ಲ ವ್ರತಿಕನಾದ ಗೃಹಸ್ಥನ ಮುಂದೆ ಹೊಸ ಪ್ರಶ್ನೆಗಳೂ ಬಂದು ನಿಲ್ಲುತ್ತವೆ. ಪ್ರಶ್ನೆ ಹೊಸದಾಗಿರಬಹುದು, ಅದನ್ನು ಅಳೆಯುವ ಕೋಲು ಮಾತ್ರ ಪುರಾತನವಾದುದು. ಕಾರನ್ನು ಕೊಳ್ಳುವ ಸಾಮಾನ್ಯ ವ್ಯವಹಾರದಲ್ಲಿಯೂ ಈ ಮಾತು ನಿಜವೆಂಬುದು ಸ್ವಲ್ಪ ವಿಚಾರ ಮಾಡಿದರೆ ತಿಳಿದುಬರುತ್ತದೆ.

ಶಿಕಾರಿಪುರದಲ್ಲಿ ಅಂಗಡಿಯಿಟ್ಟುಕೊಂಡು, ಮಗಳನ್ನು ಸೊರಬಕ್ಕೆ ಕೊಟ್ಟಿರುವ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ಅರುವತ್ತರ ಹತ್ತಿರ. ಅಷ್ಟಮಿ, ಚತುರ್ದಶಿಗಳಂದು ಉಪವಾಸ. ಉಳಿದ ದಿನಗಳಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಊಟ. ವ್ಯಾಪಾರಕ್ಕೆಂದೂ ಮಗಳನ್ನು ನೋಡಲೆಂದೂ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗಿಬರುವುದು ವಾಡಿಕೆ. ಹಳೆಯ ಕಾರು ಸವೆದಿದೆ. ಹೊಸದನ್ನು ನೋಡಲು ಹೋದಾಗ ಮಾರುವವನು ಎರಡು ಬಗೆಗಳನ್ನು ತೋರಿಸುತ್ತಾನೆ. ಒಂದು ಸಾಧಾರಣವಾದುದು. ಇನ್ನೊಂದಕ್ಕೆ ಲಕ್ಷಕ್ಕೂ ಮಿಕ್ಕಿ ಹೆಚ್ಚು ಬೆಲೆ. ಅದು ಮುಂದಿನ ವಾಹನವನ್ನು ತಾನೇ ಕಂಡು ವೇಗವನ್ನು ತಗ್ಗಿಸುತ್ತದೆ, ಅಪಾಯ ಕಂಡರೆ ತಾನೇ ಬ್ರೇಕ್ ಹಾಕುತ್ತದೆ, ರಸ್ತೆಯ ಗೆರೆಯನ್ನು ಹಿಡಿದು ತಾನೇ ಸ್ಟೀರಿಂಗನ್ನು ಹೊರಳಿಸುತ್ತದೆ. ಶ್ರಾವಕನು ಹಿಂದೆ ಮುಂದೆ ನೋಡುತ್ತಿರುವಾಗ ಮಗಳು ಹೇಳುತ್ತಾಳೆ: “ಅಪ್ಪಾಜಿ, ಅದನ್ನೇ ತೆಗೆದುಕೊಳ್ಳಿ. ಉಪವಾಸದ ದಿನ ನಿಮಗೆ ಕಣ್ಣು ಮಂಕಾದರೂ ಅದು ನೋಡಿಕೊಳ್ಳುತ್ತದೆ.”

ಮಗಳ ಮಾತಿನಲ್ಲಿ ಪ್ರೀತಿಯಿದೆ, ಯುಕ್ತಿಯೂ ಇದೆ. ಅದನ್ನು ಅಲ್ಲಗಳೆಯುವ ಮೊದಲು ಆ ಯಂತ್ರದ ಸ್ವರೂಪವನ್ನು ಅರಿಯುವುದು ಲೇಸು. ಕ್ಯಾಮೆರಾ ಮತ್ತು ರಾಡಾರ್‌ಗಳ ನೆರವಿನಿಂದ ನಡೆಯುವ ಈ ಏರ್ಪಾಡಿಗೆ ‘ಎಡಾಸ್’ ಎಂದು ಹೆಸರು. ೨೦೨೧ರಲ್ಲಿ ಬಂದ ಮಹೀಂದ್ರ ಸಂಸ್ಥೆಯ ಎಕ್ಸ್‌ಯುವಿ ೭೦೦ ಮೊದಲಾದ ಕಾರುಗಳ ಮೂಲಕ ಇದು ನಮ್ಮ ದೇಶದ ಕುಟುಂಬಗಳಿಗೂ ಪರಿಚಿತವಾಯಿತು. ವಾಹನವು ತಾನಾಗಿ ನಡೆಯುವ ಶಕ್ತಿಯನ್ನು ತಂತ್ರಜ್ಞರು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸಿದ್ದಾರೆ. ಇಂಥ ಕಾರುಗಳು ಎರಡನೆಯ ಹಂತವನ್ನು ದಾಟಿದವುಗಳಲ್ಲ. ಆ ಹಂತದಲ್ಲಿ ಯಂತ್ರವು ಕೈಗೂ ಕಾಲಿಗೂ ನೆರವಾಗುತ್ತದೆ. ಕಣ್ಣಿನ ಹೊಣೆಯಾದರೋ ಪೂರ್ತಿಯಾಗಿ ಚಾಲಕನದೇ. ಅಲ್ಲದೆ ಗೆರೆ ಮಾಸಿದ ರಸ್ತೆಯಲ್ಲಿ, ಮಲೆನಾಡಿನ ಆಷಾಢದ ಜಡಿಮಳೆಯಲ್ಲಿ, ಕ್ಯಾಮೆರಾದ ಮೇಲೆ ಕೆಸರು ಸಿಡಿದಾಗ ಅದರ ನೋಟವೂ ಕುಂದುತ್ತದೆ. ಸಂಜೆ ಮನೆಗೆ ಮರಳುವ ದನಗಳ ಹಿಂಡು ಅದಕ್ಕೆ ಕಂಡರೂ ಕಾಣಬಹುದು. ಮಳೆಗಾಲದ ರಾತ್ರಿ ರಸ್ತೆಗೆ ಬರುವ ಕಪ್ಪೆ ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನು ಧರ್ಮದ ಕಡೆಗೆ ಬರಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮುನ್ನ ಪ್ರಮಾದವನ್ನು ಇರಿಸಿದ್ದಾರೆ. ಮೈಮರೆತ ಮನ, ವಚನ, ಕಾಯಗಳಿಂದ ಪ್ರಾಣಕ್ಕೆ ಕುಂದಾಗುವುದೇ ಹಿಂಸೆ. ಎಚ್ಚರದಿಂದ ಅಡಿಯಿಡುವವನ ಕಾಲಡಿಯಲ್ಲಿ ಆಕಸ್ಮಿಕವಾಗಿ ಜೀವಿಯೊಂದು ಸತ್ತರೂ ಅವನು ಹಿಂಸಕನಲ್ಲ. ಮೈಮರೆತು ನಡೆಯುವವನು, ಜೀವಿ ಉಳಿದರೂ ಸತ್ತರೂ, ಹಿಂಸಕನೇ ಎಂಬುದು ಕುಂದಕುಂದಾಚಾರ್ಯರ ಅಭಿಪ್ರಾಯ. ಅದೇ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತದ ಐದು ಭಾವನೆಗಳ ಪೈಕಿ ಈರ್ಯಾಸಮಿತಿಯೂ ಆಲೋಕಿತಪಾನಭೋಜನವೂ ಸೇರಿವೆ. ನಾಲ್ಕು ಹಸ್ತದಷ್ಟು ನೆಲವನ್ನು ಮುಂದೆ ನೋಡಿ ನಡೆಯಬೇಕು, ಬೆಳಕಿನಲ್ಲಿ ನೋಡಿ ಉಣ್ಣಬೇಕು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಕಣ್ಣೂ ರಸ್ತೆಯನ್ನು ನೋಡುವ ಕಣ್ಣೂ ಒಂದೇ. ಹೊತ್ತು ಮುಳುಗುವ ಮುನ್ನ ಮನೆ ಸೇರಿ ಉಣ್ಣಬೇಕೆಂದು ಅತಿವೇಗದಿಂದ ಕಾರನ್ನು ಓಡಿಸುವವನು ಒಂದು ಭಾವನೆಯನ್ನು ಕಾಯಲು ಹೋಗಿ ಇನ್ನೊಂದನ್ನು ಕೆಡಿಸಿಕೊಳ್ಳುತ್ತಾನೆ.

ಯಂತ್ರವಿರುವಾಗ ಪ್ರಮಾದ ಹೇಗೆ ಒಳನುಗ್ಗುತ್ತದೆಂಬುದಕ್ಕೆ ದೂರದ ದೇಶದ ಒಂದು ಘಟನೆ ಸಾಕ್ಷಿಯಾಗಿದೆ. ೨೦೧೮ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆ ನಗರದಲ್ಲಿ, ಪರೀಕ್ಷೆಗೆಂದು ಓಡಿಸುತ್ತಿದ್ದ ಸ್ವಯಂಚಾಲಿತ ಕಾರೊಂದು ರಾತ್ರಿಯ ಹೊತ್ತು ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು, ಆಕೆ ಅಸುನೀಗಿದಳು. ಯಂತ್ರವು ಆಕೆಯನ್ನು ಐದು ಸೆಕೆಂಡಿಗೂ ಮೊದಲೇ ಗುರುತಿಸಿತ್ತು. ಆದರೆ ಆಕೆ ಏನೆಂಬುದನ್ನು ನಿಶ್ಚಯಿಸಲಾರದೆ ಹೋಯಿತು. ಮೇಲ್ವಿಚಾರಣೆಗೆಂದೇ ಒಳಗೆ ಕುಳಿತಿದ್ದ ವ್ಯಕ್ತಿಯ ದೃಷ್ಟಿ ಮೊಬೈಲಿನ ಮೇಲಿತ್ತು. ೨೦೧೯ರಲ್ಲಿ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಆ ಅಲಕ್ಷ್ಯವನ್ನೇ ಸಂಭವನೀಯ ಕಾರಣವೆಂದು ಹೇಳಿ, ಸಂಸ್ಥೆಯ ಸುರಕ್ಷತಾ ವ್ಯವಸ್ಥೆಯ ಲೋಪಗಳನ್ನೂ ಎತ್ತಿ ತೋರಿಸಿತು. ಯಂತ್ರ ನೋಡುತ್ತಿದೆಯೆಂದು ಮನುಷ್ಯ ನೋಡಲಿಲ್ಲ. ಕಣ್ಣುಗಳು ಎರಡು ಜೊತೆಯಾದುವು, ಎಚ್ಚರ ಒಂದೂ ಉಳಿಯಲಿಲ್ಲ.

“ಕೆಲಸ ಮಾಡಿದ್ದು ಯಂತ್ರ, ದೋಷ ನನಗೆ ಹೇಗೆ?” ಎಂದು ಕೇಳುವವರುಂಟು. ಆದರೆ ಜೈನಾಚಾರ್ಯರು ಕರ್ಮದ ಬಾಗಿಲನ್ನು ಕೃತ, ಕಾರಿತ, ಅನುಮೋದನೆ ಎಂದು ಮೂರು ಕಡೆಗಳಲ್ಲಿ ಗುರುತಿಸಿದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದುದನ್ನು ಒಪ್ಪಿದ್ದು ಮೂರೂ ಆತ್ಮನಿಗೆ ಅಂಟುವಂಥವೇ. ಯಂತ್ರಕ್ಕೆ ಮನಸ್ಸಿಲ್ಲ, ಕಷಾಯವಿಲ್ಲ. ಆದುದರಿಂದ ಅದಕ್ಕೆ ಬಂಧವೂ ಇಲ್ಲ. ಗುಂಡಿಯೊತ್ತಿ ಕಣ್ಣು ಮುಚ್ಚಿದವನಿಗೆ ಬಂಧ ತಪ್ಪಿದ್ದಲ್ಲ.

ಹಾಗಾದರೆ ಈ ಸಾಧನವನ್ನು ಕೊಳ್ಳುವುದೇ ತಪ್ಪೆ? ಹಾಗೆನ್ನಲಾಗದು. ಸೂಕ್ಷ್ಮಜೀವಿಯನ್ನು ಉಳಿಸಲು ನೀರನ್ನು ಸೋಸುವ ಬಟ್ಟೆಯೂ ಒಂದು ಸಾಧನವೇ. ಚಾಲಕನು ಎಚ್ಚರವಾಗಿದ್ದೂ ಕಾಲು ತಡವಾದ ಕ್ಷಣದಲ್ಲಿ ತಾನೇ ಬ್ರೇಕ್ ಹಾಕಿ ಒಂದು ಮಗುವನ್ನೋ ಕರುವನ್ನೋ ಉಳಿಸುವ ಯಂತ್ರವು ಅಹಿಂಸೆಗೆ ಉಪಕಾರಿಯೇ ಸರಿ. ಆದರೆ ಬಟ್ಟೆ ಇದೆಯೆಂದು ಕೊಳಚೆ ನೀರನ್ನು ತರುವವರಿಲ್ಲ. ಕೊಳ್ಳುವ ಮುನ್ನ ಶ್ರಾವಕನು ತನ್ನನ್ನು ಕೇಳಿಕೊಳ್ಳಬೇಕಾದುದು ಇಷ್ಟೇ: ಇದು ತನ್ನ ಎಚ್ಚರಕ್ಕೆ ಬೆಂಬಲವೋ, ಎಚ್ಚರದ ಬದಲಿಯೋ? ಮಳೆಯಲ್ಲಿ ವೇಗ ತಗ್ಗಿಸುವ ಅಭ್ಯಾಸ ಉಳಿಯುವುದಾದರೆ ಬೆಂಬಲ. “ಯಂತ್ರವಿದೆಯಲ್ಲ” ಎಂದು ಕತ್ತಲಲ್ಲಿ ಹೊರಡುವ ಧೈರ್ಯ ಬರುವುದಾದರೆ ಬದಲಿ.

ಎರಡನೆಯದು ಪರಿಗ್ರಹಪರಿಮಾಣದ ಮಾತು. ತಾನು ಹಾಕಿಕೊಂಡ ಮಿತಿಯೊಳಗೆ ಆ ಹಣ ಬರುವುದಾದರೆ ಕೊಳ್ಳಲು ಅಡ್ಡಿಯಿಲ್ಲ. ಸಾಲ ಮಾಡಿ ಮಿತಿಯನ್ನು ಹಿಗ್ಗಿಸುವುದಾದರೆ, ಒಂದು ವ್ರತದ ಹೆಸರಿನಲ್ಲಿ ಇನ್ನೊಂದಕ್ಕೆ ಅತಿಚಾರ ಬಂದೊದಗುತ್ತದೆ. ಒಳ್ಳೆಯ ಟೈರು, ಸರಿಯಾದ ದೀಪ, ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಇವು ಅಲ್ಪ ವೆಚ್ಚದವು. ಚಾಲಕನೊಬ್ಬನಿಗೆ ಸಂಬಳ ಕೊಟ್ಟರೆ ಒಂದು ಸಂಸಾರವೂ ಬದುಕುತ್ತದೆ. ೨೦೧೭ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಚಾಲಕರಿಲ್ಲದ ಕಾರುಗಳಿಗೆ ಅವಕಾಶ ಕೊಡುವುದಿಲ್ಲವೆಂದು ಹೇಳಿದುದು ಉದ್ಯೋಗದ ಈ ಕಾರಣವನ್ನೇ ಮುಂದಿಟ್ಟು.

ಮಗಳ ಮಾತಿಗೆ ಉತ್ತರ ಇನ್ನೂ ಉಳಿದಿದೆ. ಪ್ರೋಷಧೋಪವಾಸವೆಂದರೆ ಹೊಟ್ಟೆಯನ್ನು ಬರಿದು ಮಾಡುವುದಷ್ಟೇ ಅಲ್ಲ; ಆರಂಭವನ್ನು ತೊರೆದು ಸ್ವಾಧ್ಯಾಯ, ಧ್ಯಾನಗಳಲ್ಲಿ ದಿನವನ್ನು ಕಳೆಯುವುದು. ಅಂದು ಸೊರಬದ ವ್ಯಾಪಾರವೇ ಬೇಡವಾಗಿರುವಾಗ ಕಾರು ಯಾವುದಾದರೇನು? ತಪ್ಪಿಸಲಾಗದ ಕಾರ್ಯವಿದ್ದರೆ ಬಸ್ಸಿದೆ, ಮನೆಯಲ್ಲಿ ಉಂಡು ಗಟ್ಟಿಯಾಗಿರುವ ಮಗನಿದ್ದಾನೆ. ಕಣ್ಣು ಮಂಕಾದಾಗಲೂ ಓಡಿಸಲು ಅನುವು ಮಾಡಿಕೊಡುವ ಯಂತ್ರವು ಉಪವಾಸಕ್ಕೆ ಸಹಾಯವಲ್ಲ. ಉಪವಾಸದ ದಿನವನ್ನು ಸಾಮಾನ್ಯ ದಿನವನ್ನಾಗಿ ಮಾಡುವ ಆಮಿಷ.

ಈ ನೆಲಕ್ಕೆ ಇದು ಹೊಸ ಪಾಠವಲ್ಲ. ಸೊರಬ ತಾಲ್ಲೂಕಿನ ಹಿರೇ ಆವಲಿಯ ನಿಷಿಧಿಗಲ್ಲುಗಳು ಎಚ್ಚರದಲ್ಲಿ ದೇಹ ಬಿಟ್ಟವರನ್ನು ನೆನೆಯುತ್ತ ನಿಂತಿವೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವು ಹತ್ತನೆಯ ಶತಮಾನದ ಆದಿಭಾಗದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯನ್ನು ಸ್ಮರಿಸುತ್ತದೆ. ಪತಿಯ ಮರಣಾನಂತರ ಅಧಿಕಾರವನ್ನು ಹೊತ್ತ ಆಕೆ, ರೋಗ ಬಂದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಗೆ ಬಂದು ಸಲ್ಲೇಖನವನ್ನು ಸ್ವೀಕರಿಸಿದಳು. ಆಕೆ ಹೊಣೆಯನ್ನು ಬಿಟ್ಟುದು ಹೊರಬಲ್ಲ ಚೇತನಕ್ಕೆ. ಎಚ್ಚರವನ್ನು ಮಾತ್ರ ಕೊನೆಯವರೆಗೆ ಯಾರಿಗೂ ಒಪ್ಪಿಸಲಿಲ್ಲ.

ಆದುದರಿಂದ, ಮಿತಿಯೊಳಗೆ ಹಣವುಳ್ಳ ಶ್ರಾವಕನು ಆ ಯಂತ್ರವನ್ನು ಕೊಂಡರೂ ಸರಿಯೆ, ಬಿಟ್ಟರೂ ಸರಿಯೆ. ಕೊಂಡವನು ಅದಿಲ್ಲವೆಂಬಂತೆಯೇ ಓಡಿಸಲಿ. ಬೆಲೆ ಕೊಟ್ಟು ಪಡೆಯಬಹುದಾದುದು ಬ್ರೇಕ್. ಅಪ್ರಮಾದವನ್ನು ಪ್ರತಿಯೊಬ್ಬನೂ ತಾನೇ ಸಾಧಿಸಬೇಕು.