ಒಲೆ ಹೊತ್ತದ ಹಬ್ಬಗಳು

2020ರ ಯುಗಾದಿ ಬಂದದ್ದು ಮಾರ್ಚ್ 25ರಂದು. ಕೊರೋನಾಗೆ ದೇಶದ ಬಾಗಿಲು ಮುಚ್ಚಿದ್ದೂ ಅಂದೇ. ಅಹಮದಾಬಾದಿನ ಚಾಂದ್‌ಖೇಡಾದ ಬೀದಿಗಳಲ್ಲಿ ಬೇವಿಗೆ ಬರವಿಲ್ಲ. ಆ ವರ್ಷ ಹುಡುಕಬೇಕಾಗಿದ್ದು ಬೆಲ್ಲವನ್ನು.

ಕಹಿ ತಾನಾಗಿ ಬೆಳೆಯುತ್ತದೆ. ಸಿಹಿಗೆ ಕಬ್ಬು ಗಾಣಕ್ಕೆ ಬೀಳಬೇಕು, ಕೊಪ್ಪರಿಗೆಯ ಮುಂದೆ ಯಾರೋ ಬೇಯಬೇಕು.

ಹಬ್ಬ ಕೆಟ್ಟಿತು ಎನ್ನುವವನ ಮನೆಯಲ್ಲಿ ಹಬ್ಬದ ಸಾಮಾನಾದರೂ ಇದೆ. ಅದೇ ವಾರ ಅಹಮದಾಬಾದ್ ಬಿಟ್ಟು ರಾಜಸ್ಥಾನದ ಡುಂಗರಪುರದ ಕಡೆ ನಡೆದ ಕೂಲಿಗಳ ಗಂಟಿನಲ್ಲಿ ಕೆಡುವಂಥದ್ದೂ ಇರಲಿಲ್ಲ.

ಊರಿಗೆ ಗೋಡೆ ಎಬ್ಬಿಸಿದವರಿಗೆ ಒರಗಲು ಊರಿನಲ್ಲಿ ಗೋಡೆ ಸಿಗಲಿಲ್ಲ. ಸೂರಿಗಾಗಿ ದೇವರಿಗೆ ಕೈ ಮುಗಿಯುವ ಮುನ್ನ ಗಾರೆಯವನ ಊರು ಯಾವುದೆಂದು ನೆನೆಯಬೇಕು.

ಅವರಿಗಿಂತ ನಾವು ವಾಸಿ ಎಂಬ ನೆಮ್ಮದಿಗೆ ಕೃತಜ್ಞತೆಯ ಹೆಸರು ಸಲ್ಲದು. ಇನ್ನೊಬ್ಬನ ಬರಿಗೈ ನೋಡಿ ತುಂಬಿದ ಮನಸ್ಸು, ಅವನು ಉಂಡ ದಿನ ಬರಿದಾಗುತ್ತದೆ.

ಅದೇ 2020ರ ಜೂನ್ 23ರಂದು ಅಹಮದಾಬಾದಿನ 143ನೆಯ ರಥಯಾತ್ರೆ ಜಮಾಲ್‌ಪುರದ ಗುಡಿಯ ಆವರಣ ದಾಟಲಿಲ್ಲ. ದೇವರು ಬೀದಿಗೆ ಬರದ ವರ್ಷ ಬೀದಿಯಲ್ಲಿದ್ದವರನ್ನು ನೋಡುವ ಕೆಲಸ ಮನುಷ್ಯರಿಗೆ ಉಳಿಯಿತು.

ಶೀತಳಾ ಸಾತಮ್‌ನಂದು ಗುಜರಾತಿ ಮನೆ ಒಲೆ ಹಚ್ಚುವುದಿಲ್ಲ. ಹಿಂದಿನ ದಿನ ಮಾಡಿಟ್ಟದ್ದನ್ನೇ ತಣ್ಣಗೆ ಉಣ್ಣುತ್ತದೆ. 2024ರ ಆಗಸ್ಟ್‌ನಲ್ಲಿ ಅದರ ಬೆನ್ನಿಗೇ ವಿಶ್ವಾಮಿತ್ರಿ ನದಿ ವಡೋದರಕ್ಕೆ ನುಗ್ಗಿತು. ವ್ರತ ಮುಗಿದರೂ ಒಲೆ ಹೊತ್ತಲಿಲ್ಲ. ಆರಿದ ಒಲೆ ಕೆಲವರಿಗೆ ವರ್ಷದ ಒಂದು ದಿನ. ಕೆಲವರಿಗೆ ಎಷ್ಟು ದಿನವೆಂದು ಲೆಕ್ಕ ಇಟ್ಟವರಿಲ್ಲ.

2006ರಲ್ಲಿ ತಾಪಿ ಉಕ್ಕಿ ಸೂರತ್ ಮುಳುಗಿದ್ದು ರಾಖಿ ಹಬ್ಬದ ವಾರ. ಮಾಳಿಗೆಗೆ ಹಾಲಿನ ಪೊಟ್ಟಣ ಎಸೆದವನೇ ಆ ವಾರ ಅಣ್ಣ.

2001ರ ಜನವರಿ 26, ಬೆಳಿಗ್ಗೆ 8 ಗಂಟೆ 46 ನಿಮಿಷ. ಗುಜರಾತಿನ ನೆಲ ನಡುಗಿತು. ರಜೆಯೆಂದು ಮನೆಯಲ್ಲಿದ್ದವರ ಮೇಲೆ ಮನೆಯೇ ಬಿತ್ತು. ಇಟ್ಟಿಗೆ ಎತ್ತುವ ಕೈ ಕೆಳಗಿರುವವನ ಜಾತಿ ಕೇಳುವುದಿಲ್ಲ. ಆ ಮರೆವನ್ನು ಬದುಕಿಡೀ ಉಳಿಸಿಕೊಂಡವರು ಪುಣ್ಯವಂತರು.

ದಾನ ಎಂಬಲ್ಲಿ ಕೈ ಮೇಲಿರುತ್ತದೆ. ದಾಸೋಹ ಎಂಬಲ್ಲಿ ತಲೆ ಬಾಗಿರುತ್ತದೆ. ಬಸವಣ್ಣನ ನಾಡಿನಿಂದ ಎಷ್ಟು ದೂರ ಬಂದರೂ ಹೊತ್ತು ತರಬೇಕಾದ ಮಾತು ಅದೊಂದೇ.

ಹಳೆ ಬಟ್ಟೆ ಕೊಟ್ಟವನು ಕಪಾಟು ಹಗುರ ಮಾಡಿಕೊಂಡ. ಹಬ್ಬಕ್ಕೆ ತಂದ ಹೊಸ ಬಟ್ಟೆ ಕೊಟ್ಟವನು ಹಬ್ಬ ಮಾಡಿದ.

ಫೋಟೊಗೆ ನಿಲ್ಲಿಸಿ ಕೊಟ್ಟ ಅನ್ನಕ್ಕೆ ಬಡವ ಬೆಲೆ ತೆತ್ತಿದ್ದಾನೆ. ಅವನ ಮುಖವೇ ಆ ಬೆಲೆ.

ದೀಪಾವಳಿಗೆ ಮುಚ್ಚಿದ ಗುಜರಾತಿನ ಅಂಗಡಿ ಲಾಭಪಂಚಮಿಗೆ ತೆರೆಯುತ್ತದೆ. ಹೊಸ ಚೋಪಡಾದಲ್ಲಿ, ಅಂದರೆ ಲೆಕ್ಕದ ಪುಸ್ತಕದಲ್ಲಿ, ಎಡಕ್ಕೆ ಶುಭ, ಬಲಕ್ಕೆ ಲಾಭ ಎಂದು ಬರೆದು ವ್ಯಾಪಾರ ಶುರು. 2020ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಹಾಗೆ ಬರೆದ ಕೈ ಮರುದಿನವೇ ಶಟರ್ ಎಳೆಯಿತು. ರಾತ್ರಿ 9ರಿಂದ 57 ಗಂಟೆ ಕರ್ಫ್ಯೂ. ಮಾಲೀಕನಿಗೆ ಖಾಲಿ ಪುಟ ನಷ್ಟ. ಅಂಗಡಿ ಹುಡುಗನಿಗೆ ಅದೇ ಪುಟ ತಪ್ಪಿದ ಅನ್ನ. ಮುಚ್ಚಿದ ದಿನಗಳ ಕೂಲಿಯನ್ನೂ ಎಣಿಸಿ ಕೊಟ್ಟವನಿಗೆ ಶುಭ ಎಂಬ ಮಾತಿನ ಅರ್ಥ ಗೊತ್ತಿತ್ತು. ಲಾಭ ಕಾಯಬಲ್ಲದು, ಹೊಟ್ಟೆ ಕಾಯದು. ಇಷ್ಟು ಸರಳವಾದದ್ದನ್ನು ಕಲಿಯಲು ಒಂದು ರೋಗ ಬರಬೇಕಾಯಿತೆಂಬುದು ಎದೆಯಲ್ಲಿ ಇನ್ನೂ ಮುಳ್ಳು.

ಸೊಸೈಟಿಯ ಕಾವಲುಗಾರ ಹಬ್ಬದ ಡಬ್ಬಿಯನ್ನು ಮನೆಮನೆಗೆ ಮುಟ್ಟಿಸಿದ. ನೀನು ಉಂಡೆಯಾ ಎಂದು ಕೇಳಲು ನಾಲಿಗೆಗೆ ಯಾವ ಕರ್ಫ್ಯೂ ಇತ್ತು?

ಬೇಡಲು ಬಾರದವನ ಹಸಿವು ಎಲ್ಲಕ್ಕಿಂತ ಹಳೆಯದು.

ಕಷ್ಟದಲ್ಲಿ ಸಕ್ಕರೆ ಕಡ ಕೊಟ್ಟ ಪಕ್ಕದ ಮನೆಯ ಬೆನ್‌ಗೆ, ಅಕ್ಕನಿಗೆ, ಅದನ್ನು ತಿರುಗಿ ಕೊಟ್ಟು ಮುಗಿಸಬಾರದು. ಕೆಲವು ಋಣ ಇರಲಿ. ಹೊರನಾಡಿನಲ್ಲಿ ಬೇರೆಂದರೆ ಅದೇ.

2021ರ ಉತ್ತರಾಯಣಕ್ಕೆ ಹೊರಗಿನವರು ತಾರಸಿ ಹತ್ತಬಾರದೆಂಬ ನಿಯಮ. ಎಳ್ಳುಬೆಲ್ಲ ಹಿಡಿದ ಕೈ ಮೆಟ್ಟಿಲಲ್ಲೇ ನಿಂತಿತು. ಗಾಳಿಪಟ ನಿಲ್ಲಲಿಲ್ಲ, ಹಕ್ಕಿಗಳು ಮಾಂಜಾ ದಾರಕ್ಕೆ ಸಿಕ್ಕವು. ಜನವರಿಯಲ್ಲಿ ಅಂಥವಕ್ಕಾಗಿಯೇ ಗುಜರಾತಿನಲ್ಲಿ ಕರುಣಾ ಅಭಿಯಾನ ನಡೆಯುತ್ತದೆ. ರೆಕ್ಕೆಗೆ ಸುತ್ತಿದ ದಾರವನ್ನು ಎಳೆದರೆ ಗಾಯ ಆಳವಾಗುತ್ತದೆ. ಹಕ್ಕಿಯನ್ನು ಬಟ್ಟೆಯಲ್ಲಿ ಮೆಲ್ಲಗೆ ಹಿಡಿಯಬೇಕು, ದಾರವನ್ನು ಅಲ್ಲಲ್ಲೇ ಕತ್ತರಿಸುತ್ತ ಬರಬೇಕು.