ಯಾರ ಪೈಕಿ?

ಹಾಳೆಯ ತಲೆಯ ಮೇಲೆ ಒಂದೇ ಸಾಲು: ನಿಮ್ಮನ್ನು ಮನೆಗೆ ಕರೆಯಬಹುದಾದವರಿಗೆ ನಿಮ್ಮ ಪರಿಚಯ ಹೇಳಿಕೊಳ್ಳಿ. ಕೆಳಗೆ ಪೂರಾ ಖಾಲಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಕಂಡವರ ಅರ್ಜಿಗಳನ್ನೆಲ್ಲ ಓದಿ ತಪ್ಪು ಹುಡುಕಿದವನು ನಾನು. ನನ್ನ ಅರ್ಜಿಯೇ ಮುಂದೆ ಬಂದಾಗ ನಾಲ್ಕು ದಿನ ಪೆನ್ನು ಹಿಡಿದು ಸುಮ್ಮನೆ ಕೂತೆ.

ಸಂಗತಿ ಇಷ್ಟೆ. ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಪುಣೆಯಿಂದ ಒಮ್ಮೆ ಡೆನ್ಮಾರ್ಕಿನ ಕಡೆ ಹೋಗಿಬರಬೇಕೆಂದು ಮನಸ್ಸು ಮಾಡಿದೆವು. ಬಸ್ಸಿನ ಕಿಟಕಿಯಿಂದ ಊರು ನೋಡುವ ಪ್ರವಾಸ ಬೇಡ, ಜನರ ಮನೆಯಲ್ಲಿದ್ದು ಅವರು ಏನು ಉಣ್ಣುತ್ತಾರೆ, ಏನು ಮಾತಾಡುತ್ತಾರೆ ನೋಡೋಣ ಎಂಬ ಆಸೆ. ಅದಕ್ಕೆಂದೇ ‘ಸರ್ವಾಸ್’ ಎಂಬ ಸಂಘವೊಂದಿದೆ. ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷಕ್ಕೆ, 1949ರಲ್ಲಿ, ಬಾಬ್ ಲುಯಿಟ್‌ವೈಲರ್ ಎಂಬ ಅಮೆರಿಕದವನೂ ಅವನ ಗೆಳೆಯರೂ ಡೆನ್ಮಾರ್ಕಿನಲ್ಲಿ ಶುರುಮಾಡಿದ್ದು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಮಲಗಿ ಬಂದರೆ ದೇಶದೇಶಗಳ ನಡುವಿನ ಹಗೆ ಕಡಿಮೆಯಾದೀತು ಎಂಬುದು ಅವರ ನಂಬಿಕೆ. ಎಸ್ಪೆರಾಂಟೊ ಭಾಷೆಯ ಆ ಪದಕ್ಕೆ ಸೇವೆ ಮಾಡುವುದು ಎಂದರ್ಥ. ಇದರಲ್ಲಿ ದುಡ್ಡಿನ ಮಾತಿಲ್ಲ. ಸಾಮಾನ್ಯವಾಗಿ ಎರಡು ರಾತ್ರಿಯ ವಸತಿ. ಹೊರಡುವ ಮೊದಲು ಸಂಘದವರೊಬ್ಬರು ನಿಮ್ಮೊಡನೆ ಕೂತು ಮಾತಾಡುತ್ತಾರೆ, ಒಪ್ಪಿಗೆಯಾದರೆ ನಿಮ್ಮ ಪರಿಚಯ ಪತ್ರಕ್ಕೆ ಮುದ್ರೆ ಬೀಳುತ್ತದೆ. ಆ ಪತ್ರ ನೋಡಿಯೇ ಅಲ್ಲಿಯವರು ‘ಬನ್ನಿ’ ಎನ್ನಬೇಕು, ಇಲ್ಲವೇ ಸುಮ್ಮನಿರಬೇಕು.

ಮೊದಲ ಕರಡು ಚೆನ್ನಾಗಿಯೇ ಬಂತು ಅಂದುಕೊಂಡೆ. ನಮ್ಮದು ಗದಗ ಸೀಮೆ, ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಸೀಮೆ. ಅವರು ಪುಣೆಯಲ್ಲಿ ನೆಲೆಸಿ, ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಸಂಗೀತೋತ್ಸವ ಶುರುಮಾಡಿದರು. ನಾವೂ ಪುಣೆಯಲ್ಲಿದ್ದೇವೆ, ಉತ್ಸವಕ್ಕೆ ವರ್ಷವೂ ಹೋಗುತ್ತೇವೆ. ಹೆಂಡತಿ ಓದಿ ಕನ್ನಡಕ ತೆಗೆದಳು. “ಇದು ನಿಮ್ಮ ಪರಿಚಯನೋ, ಭೀಮಸೇನ ಜೋಶಿಯವರದೋ?”

ನಕ್ಕೆ. ಆದರೆ ನಾಟಿತು. ಮರಾಠಿ ನೆರೆಯವರ ಮುಂದೆ ಇಷ್ಟು ವರ್ಷ ಇದೇ ಮಾಡಿದ್ದೇನೆ. ಪರಊರಿನಲ್ಲಿ ನಮ್ಮ ಹೆಸರಿಗೆ ತೂಕ ಸಾಲದು ಅನ್ನಿಸಿದಾಗ ದೊಡ್ಡವರ ಹೆಸರನ್ನು ಸಾಲ ತರುವುದು. ಆ ಭೀಮಸೇನರೇ ಹುಡುಗರಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದಾಗ ಯಾವ ಪತ್ರವೂ ಇರಲಿಲ್ಲ. ಟಿಕೆಟ್ ಇಲ್ಲದೆ ರೈಲು ಹತ್ತಿ, ಕೇಳಿದವರಿಗೆ ಹಾಡಿ ತೋರಿಸುತ್ತಿದ್ದರಂತೆ. ಅವರಿಗೆ ಹಾಡಿತ್ತು. ನಮ್ಮಂಥವರು ಏನು ತೋರಿಸಬೇಕು?

ನೀವು ಊರಲ್ಲೇ ಇರುವವರು. ನಮ್ಮ ಕಡೆ ಪರಿಚಯ ಹೇಗೆ ನಡೆಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ‘ಯಾವೂರಾತಪಾ? ಯಾರ ಪೈಕಿ?’ ಎರಡೇ ಪ್ರಶ್ನೆ. ಪರಸ್ಥಳದಲ್ಲಿ ಈ ಪ್ರಶ್ನೆ ಕಿವಿಗೆ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ, ಅಷ್ಟು ಹಿತ. ಆದರೆ ಅದರಲ್ಲಿ ಒಂದು ಅಲಗೂ ಇದೆ. ಉತ್ತರ ಸರಿಯಿದ್ದವರಿಗೆ ಅದು ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ, 1986ರ ಮಳೆಗಾಲದವರೆಗೆ.

ಆಗ ನಾನೂ ನನ್ನ ಕಾಲೇಜು ಗೆಳೆಯನೂ ಬ್ಯಾಂಕಿನ ಸಂದರ್ಶನಕ್ಕೆಂದು ಧಾರವಾಡದಿಂದ ಪುಣೆಗೆ ಬಂದೆವು. ಕೈಯಲ್ಲಿದ್ದ ದುಡ್ಡು ಹೋಗಿಬರುವ ಖರ್ಚಿಗೆ ಮಾತ್ರ. ನಮ್ಮೂರ ಮಾಸ್ತರರು ಒಂದು ಚೀಟಿ ಬರೆದುಕೊಟ್ಟಿದ್ದರು: ‘ಈ ಹುಡುಗ ನಮ್ಮ ಪೈಕಿ, ಮೂರು ದಿವಸ ಇರಗೊಡಬೇಕು.’ ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ವಿಜಾಪುರದ ಕಡೆಯ ಕಾಕಾ, ಕಾಕು ಇದ್ದರು. ತೊಯ್ಸಿಕೊಂಡು ಹೋಗಿ ಬಾಗಿಲಲ್ಲಿ ನಿಂತೆವು. ಚೀಟಿ ಓದಿದ ಕಾಕಾ ನನ್ನ ಬೆನ್ನು ತಟ್ಟಿದರು. ಆಮೇಲೆ ಅವನ ಕಡೆ ತಿರುಗಿ, “ಮತ್ತ ನೀವು?” ಎಂದರು.

ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: “ಇವನೂ ನಮ್ಮ ಪೈಕಿನ ರೀ, ಕಾಕಾ.” ಹೆಸರನ್ನೂ ನಾನೇ ಕಟ್ಟಿ ಹೇಳಿದೆ. ಅವನು ದಲಿತರ ಹುಡುಗ.

“ಹಂಗಾರ ಕೈಕಾಲ ತೊಳಕೊಂಡ ಬರ್ರಿ, ತಾಟ ಹಾಕ್ತೀನಿ” ಎಂದರು ಕಾಕು. ಬಿಸಿ ಭಕ್ರಿ, ಝುಣಕ, ಬೆಣ್ಣೆ. ಹಸಿದಿದ್ದೆವು. ಮೂರು ದಿನ ಅಡುಗೆಮನೆಯಲ್ಲೇ ಪಂಕ್ತಿಯಲ್ಲಿ ಕೂತು ಉಂಡೆವು. ಆ ಮೂರು ದಿನವೂ ಅವನು ಬನಿಯನ್ ತೆಗೆಯಲಿಲ್ಲ. ಸ್ನಾನಕ್ಕೆ ಹೋಗಿಬರುವಾಗಲೂ ಹೆಗಲ ತುಂಬ ಟವೆಲ್ ಹೊದ್ದಿರುತ್ತಿದ್ದ. ನಾನು ಅದನ್ನು ನೋಡಿಯೂ ನೋಡದಂತಿದ್ದೆ. ಉಪಕಾರ ಮಾಡಿದ್ದೇನೆಂಬ ಧಿಮಾಕು ಬೇರೆ.

ಮರಳಿ ಬರುವಾಗ ಸ್ವಾರಗೇಟಿನಲ್ಲಿ ಬಸ್ಸಿಗೆ ಕಾಯುತ್ತ ಅವನು ಒಂದೇ ಮಾತು ಕೇಳಿದ. “ನನ್ನ ಹೆಸರ ನಾ ಹೇಳ್ತಿದ್ದೆನಲ್ಲೋ. ನೀ ಯಾಕ ಹೇಳಿದಿ?”

ಆಗ ನನ್ನ ಹತ್ತಿರ ಉತ್ತರವಿತ್ತು: ಮಳೆ, ರಾತ್ರಿ, ದುಡ್ಡಿಲ್ಲ. ಈಗಲೂ ಆ ಉತ್ತರ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಅತಿಥಿಯಾದವನು ತನ್ನ ಬಗ್ಗೆ ಎಲ್ಲವನ್ನೂ ಹೇಳಬೇಕೆಂದು ಯಾರು ನಿಯಮ ಮಾಡಿದರು? ನಿಜ ಹೇಳಿದರೆ ಬೀದಿಗೆ ಬೀಳುವವನಿಗೂ ನಿಜ ಹೇಳಿದರೆ ಬೆಣ್ಣೆ ಸಿಗುವವನಿಗೂ ಒಂದೇ ನಿಯಮ ಹಾಕುವುದು ನ್ಯಾಯವಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಉಳಿಯಲು ಜಾಗ ಸಿಗದೆ ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇರಬೇಕಾಯಿತು. ಹನ್ನೊಂದನೆಯ ದಿನ ಬಡಿಗೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಗೆಳೆಯರಿಬ್ಬರು, ಒಬ್ಬ ಹಿಂದೂ, ಇನ್ನೊಬ್ಬ ಕ್ರಿಶ್ಚಿಯನ್, ತಮ್ಮ ಮನೆಗೂ ಕರೆಯಲಿಲ್ಲ. ‘ವೀಸಾಕ್ಕಾಗಿ ಕಾಯುತ್ತ’ ಎಂಬ ಅರ್ಥದ ಹೆಸರಿಟ್ಟ ಬರಹದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಆ ಹೆಸರು ಬರೆಸಿದ್ದನ್ನು ಸುಳ್ಳೆಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ. ತಪ್ಪು ಇದ್ದದ್ದು ಬಾಗಿಲಲ್ಲಿ.

ಆದರೆ ನೋಡಿ, ಬರೋಡಾದಲ್ಲಿ ಹೆಸರು ಮುಚ್ಚಿಟ್ಟವರು ಹೆಸರಿನ ಒಡೆಯರೇ. ಅಪಾಯ ಅವರದು, ತೀರ್ಮಾನವೂ ಅವರದು. ಪುಣೆಯಲ್ಲಿ ಅಪಾಯ ಗೆಳೆಯನದಾಗಿತ್ತು, ತೀರ್ಮಾನ ನಾನು ಮಾಡಿದೆ. ಅವನು ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಬಹುಶಃ ನಿಜವಾದ ಹೆಸರು ಹೇಳಿ, ಕಾಕಾನ ಮುಖ ನೋಡಿ, ‘ನಾ ಸ್ಟೇಷನ್ನಿನ್ಯಾಗ ಮಲಗ್ತೀನಿ’ ಎಂದು ತಲೆ ಎತ್ತಿ ಹೋಗುತ್ತಿದ್ದ. ನಿಜ ಹೇಳಬೇಕೆಂದರೆ ನನಗಿದ್ದ ಹೆದರಿಕೆ ಅದೇ. ಅವನು ಹೊರಟರೆ ನಾನೂ ಹೊರಡಬೇಕಾಗುತ್ತಿತ್ತು. ಬಿಸಿ ಭಕ್ರಿ ಬಿಟ್ಟು ಹೊರಡುವ ಧೈರ್ಯ ನನಗಿರಲಿಲ್ಲ. ಅವನನ್ನು ಉಳಿಸಲು ಸುಳ್ಳು ಹೇಳಿದೆ ಎಂದುಕೊಂಡಿದ್ದೆ. ಉಳಿಸಿಕೊಂಡದ್ದು ನನ್ನನ್ನು.

ಇನ್ನೊಬ್ಬರಿಗೂ ಅನ್ಯಾಯ ಮಾಡಿದ್ದೆನೆಂದು ತಿಳಿಯಲು ಹದಿನೆಂಟು ವರ್ಷ ಬೇಕಾಯಿತು. ಆ ಬ್ಯಾಂಕಿನ ಕೆಲಸ ಇಬ್ಬರಿಗೂ ಸಿಕ್ಕಿತ್ತು. ಅವನು ಹುಬ್ಬಳ್ಳಿಯ ಕಡೆ ಹೋದ, ನಾನು ಪುಣೆಯಲ್ಲೇ ಉಳಿದೆ. ಹಬ್ಬಹರಿದಿನಕ್ಕೆ ಕಾಕುವಿನ ಮನೆಗೆ ಹೋಗಿಬರುತ್ತಿದ್ದೆ. 2004ರಲ್ಲಿ ಕಾಕಾ ತೀರಿಕೊಂಡಾಗ ಮಾತಾಡಿಸಲು ಹೋದವನು, ಯಾಕೋ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕಾಕು ಬಹಳ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆ ಅಂದುಕೊಂಡೆ, ಇಲ್ಲವೇ ‘ಈಗೆಲ್ಲಿ ಅದೆಲ್ಲಾ’ ಎಂದು ತೇಲಿಸುತ್ತಾರೆ ಅಂದುಕೊಂಡೆ.

“ಅವತ್ತ ಖರೆ ಹೇಳಿದ್ದರ ನಾ ಏನ ಮಾಡ್ತಿದ್ನೋ ಗೊತ್ತಿಲ್ಲಪಾ” ಎಂದರು. “ಹೊರಗ ಹಾಕ್ತಿದ್ನೋ, ಒಳಗ ಕರೀತಿದ್ನೋ. ಆದರ ಅದು ನನಗೂ ತಿಳೀಲಾರದಂಗ ಮಾಡಿಬಿಟ್ಟಿ ನೋಡು.”

ಆತಿಥೇಯರ ಕಡೆಯಿಂದ ನಾನು ಯಾವತ್ತೂ ಯೋಚಿಸಿರಲಿಲ್ಲ. ಬಾಗಿಲು ತೆರೆಯುವವರು ಹೀಗೇ ಇರುತ್ತಾರೆಂದು ನಾನೇ ತೀರ್ಪು ಕೊಟ್ಟು, ಆ ತೀರ್ಪಿಗೆ ತಕ್ಕ ಹೆಸರು ಹೇಳಿದ್ದೆ. ಕಾಕು ಸೋಲುತ್ತಿದ್ದರೋ ಗೆಲ್ಲುತ್ತಿದ್ದರೋ, ಆ ಪರೀಕ್ಷೆಗೆ ಕೂರುವ ಹಕ್ಕು ಅವರಿಗಿತ್ತು. ಹೊಗಳಿಕೆಯ ಪರಿಚಯ ಪತ್ರಕ್ಕೂ ಇದೇ ಮಾತು ಸಲ್ಲುತ್ತದೆ ಎಂದು ಈಗ ಅನ್ನಿಸುತ್ತದೆ. ನಮ್ಮ ಸಂಸ್ಕೃತಿ ಹಾಗೆ, ನಮ್ಮ ಸಂಗೀತ ಹೀಗೆ ಎಂದು ಬರೆದು ಒಳಗೆ ಹೋದರೆ, ಅವರು ಕರೆದದ್ದು ಆ ಹೊಗಳಿಕೆಯನ್ನು. ನಾವು ಎರಡು ರಾತ್ರಿ ಹೆಗಲ ಮೇಲೆ ಟವೆಲ್ ಹೊದ್ದು ತಿರುಗಬೇಕಾಗುತ್ತದೆ.

ಹಾಗಾಗಿ ಪತ್ರ ಮತ್ತೆ ಬರೆದೆ. ನಮಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಮಾಂಸ ತಿನ್ನುವುದಿಲ್ಲ, ನೀವು ತಿಂದರೆ ಬೇಸರವಿಲ್ಲ. ನನ್ನ ಹೆಂಡತಿ ಐದಕ್ಕೆ ಏಳುತ್ತಾಳೆ, ಭಕ್ರಿ ಬಡಿಯಲು ಕಲಿಸುತ್ತಾಳೆ. ನಾನು ಗೊರಕೆ ಹೊಡೆಯುತ್ತೇನೆ. ನಮ್ಮ ನಾಡಿನಲ್ಲಿ ಅತಿಥಿಯನ್ನು ದೇವರೆನ್ನುತ್ತಾರೆ. ಜೊತೆಗೆ ಅವನು ಯಾರ ಪೈಕಿ ಎಂದೂ ಕೇಳುತ್ತಾರೆ. ಆಮೇಲೆ, 1986ರ ಕತೆಯನ್ನು ಆರು ಸಾಲಿನಲ್ಲಿ.

“ಇಷ್ಟೆಲ್ಲಾ ಬರದರ ಯಾರು ಕರೀತಾರ್ರೀ?” ಎಂದಳು ಹೆಂಡತಿ. ಕರೆಯದಿದ್ದರೂ ಇರಲಿ ಎಂದೆ. ಆದರೆ ಕಳಿಸುವ ಮೊದಲು ಹುಬ್ಬಳ್ಳಿಗೆ ಫೋನು ಮಾಡಿದೆ. ಕತೆ ನನ್ನೊಬ್ಬನದಲ್ಲವಲ್ಲ. ಪತ್ರ ಓದಿ ಹೇಳಿದೆ. ಅವನು ಕೇಳಿದ, “ನನ್ನ ಹೆಸರ ಹಾಕೀಯೇನು?”

“ಇಲ್ಲಪಾ. ನಿನ್ನ ಕೇಳದ ಹೆಂಗ ಹಾಕಲಿ?”

ಸ್ವಲ್ಪ ಹೊತ್ತು ಬಿಟ್ಟು, “ಹಾಕು. ಈ ಸಲ ಖರೆ ಹೆಸರ ಹಾಕು” ಎಂದ.

ಪತ್ರದಲ್ಲಿ ಹಾಕಿದ್ದೇನೆ. ಈ ಪುಸ್ತಕಕ್ಕೆಂದು ಅವನನ್ನು ಇನ್ನೂ ಕೇಳಿಲ್ಲ. ಆದ್ದರಿಂದ ಇಲ್ಲಿ ಅವನ ಹೆಸರಿಲ್ಲ.