ಇಂದಿನ ಧಮ್ಮ ಚಿಂತನೆ: ಮೂರು ಸಲ್ಯೂಟ್, ಒಂದೇ ಬಾವುಟ

ಡಿಸೆಂಬರ್ 7




ನಿನ್ನೆ ಬಾಬಾಸಾಹೇಬರ ಮಹಾಪರಿನಿಬ್ಬಾಣ ದಿನ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ನಮ್ಮ ಬಳಗದವರು ಮೇಣದಬತ್ತಿ ಹಚ್ಚಿ ತಿಸರಣ, ಪಂಚಶೀಲ ಹೇಳಿದ್ದೀರಿ. ಇಂದು ಸಶಸ್ತ್ರ ಪಡೆಗಳ ಧ್ವಜ ದಿನ. ನಿವೃತ್ತ ಸೈನಿಕರಿಗೂ ಮಡಿದವರ ಕುಟುಂಬಗಳಿಗೂ ನೆರವು ಕೂಡಿಸಲು 1949ರಿಂದ ಈ ದಿನವನ್ನು ಆಚರಿಸುತ್ತಿದ್ದಾರೆ. ಅಂಗಿಗೆ ಚುಚ್ಚಿಕೊಳ್ಳುವ ಆ ಪುಟ್ಟ ಬಾವುಟದಲ್ಲಿ ಮೂರು ಬಣ್ಣ: ಕೆಂಪು, ಗಾಢ ನೀಲಿ, ತಿಳಿ ನೀಲಿ. ಭೂಸೇನೆ, ನೌಕಾಪಡೆ, ವಾಯುಪಡೆ.

ಬಾಬಾಸಾಹೇಬರನ್ನು ನೆನೆದ ಮರುದಿನ ಸೈನಿಕರನ್ನು ನೆನೆಯುವುದು ನಮಗೆ ಹೊರಗಿನ ಮಾತಲ್ಲ. ಅವರು 1891ರ ಏಪ್ರಿಲ್ 14ರಂದು ಹುಟ್ಟಿದ್ದೇ ಮಹೂ ಎಂಬ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲರು ಸೇನೆಯಲ್ಲಿ ಸುಬೇದಾರರು, ಸೇನಾ ಶಾಲೆಯ ಮೇಷ್ಟ್ರು. ಯುದ್ಧವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಸೈನಿಕರ ನಡುವಿನ ಒಂದು ತಮಾಷೆಯಿಂದ ನಾವು ಕಲಿಯಬೇಕಾದ ಪಾಠ ಇದೆ, ಅದನ್ನು ಹೇಳಲು ಬರೆಯುತ್ತಿದ್ದೇನೆ.

ನಮ್ಮ ಬಳಗದಲ್ಲಿ ಮೂವರು ನಿವೃತ್ತರಿದ್ದಾರೆ. ಮದ್ದೂರಿನ ಅಣ್ಣ ಭೂಸೇನೆಯಲ್ಲಿದ್ದವರು, ಮೂವರಲ್ಲಿ ಹಿರಿಯರು. ಮಂಡ್ಯದವರು ವಾಯುಪಡೆ, ಮಳವಳ್ಳಿಯವರು ನೌಕಾಪಡೆ. ಭಾನುವಾರ ಸುತ್ತದ ಓದು ಮುಗಿದು ಟೀ ಬಂದ ಕೂಡಲೇ ಇವರ ಯುದ್ಧ ಶುರು.

"ನೀವಿಬ್ರೂ ನೌಕ್ರಿ ಮಾಡಿದ್ದು ನೆಂಟರ ಮನೇಲಿ ಇದ್ದಂಗೆ ಕಣಪ್ಪ. ಗುಂಡಿ ತೋಡಿ ಅದ್ರಲ್ಲೇ ಮಲಗಿದೋರು ನಾವು" ಎಂದು ಭೂಸೇನೆಯ ಅಣ್ಣ ತೆಗೆಯುತ್ತಾರೆ.

"ಆ ಗುಂಡಿಗೆ ರೇಷನ್ ತಂದು ಹಾಕ್ಬೇಕಾದ್ರೂ ನಮ್ ವಿಮಾನಾನೇ ಬರ್ಬೇಕಿತ್ತಲ್ಲಣ್ಣ" ಎಂದು ಮಂಡ್ಯದವರ ಉತ್ತರ.

ಮಳವಳ್ಳಿಯವರು ನಿಧಾನವಾಗಿ ಟೀ ಕುಡಿದು, "ಭೂಮಿ ಮೇಲೆ ಮುಕ್ಕಾಲು ಭಾಗ ನೀರು. ಮಿಕ್ಕಿದ ಕಾಲು ಭಾಗಕ್ಕೆ ನೀವಿಬ್ರೂ ಕಿತ್ತಾಡ್ಕೊಳಿ" ಎನ್ನುತ್ತಾರೆ.

"ಬುಡಪ್ಪ, ಶಿಂಷಾ ಹೊಳೇಲಿ ಮಂಡಿ ಮಟ ಇಳಿಯಕ್ಕೂ ಹೆದರ್ತಿದ್ದೋನು ನೀನು!"

ಸಲ್ಯೂಟ್ ಹೊಡೆಯುವುದರಲ್ಲೂ ಜಗಳ. ಭೂಸೇನೆಯವರ ಅಂಗೈ ಎದುರಿಗಿರುವವರಿಗೆ ಪೂರ್ತಿ ಕಾಣಬೇಕು. ನೌಕಾಪಡೆಯವರ ಅಂಗೈ ನೆಲದ ಕಡೆ ತಿರುಗಿರಬೇಕು. ವಾಯುಪಡೆಯವರದು ಎರಡರ ನಡುವೆ, 45 ಡಿಗ್ರಿ ಓರೆ. "ಯಾವ್ದೂ ಸರಿಯಾಗಿ ಗೊತ್ತಿಲ್ದೆ ಮಧ್ಯಕ್ಕೆ ನಿಂತವ್ರೆ" ಎಂದು ಉಳಿದಿಬ್ಬರೂ ಮಂಡ್ಯದವರನ್ನು ರೇಗಿಸುತ್ತಾರೆ. ಕಳೆದ ವರ್ಷ ಹಿರಿಯರಿಗೆ ಮಂಡಿ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಸರದಿ ಮೇಲೆ ರಾತ್ರಿ ಕೂತವರು ಈ ಇಬ್ಬರೇ. ಅಲ್ಲೂ ರೇಗಿಸುವುದನ್ನು ಬಿಡಲಿಲ್ಲವಂತೆ.

ಇಷ್ಟು ವರ್ಷ ಹೀಗೆ ಆಡಿಕೊಂಡರೂ ಮೂವರಲ್ಲಿ ಒಬ್ಬರಿಗೂ ಯಾಕೆ ನೋವಾಗಿಲ್ಲ? ನಾನು ಇದನ್ನು ಯೋಚಿಸಿದ್ದೇನೆ. ಮದ್ದೂರಿನವರು ಹವಾಲ್ದಾರ್ ಆಗಿ ನಿವೃತ್ತರಾದರು. ಮಂಡ್ಯದವರು ಸಾರ್ಜೆಂಟ್. ಮಳವಳ್ಳಿಯವರು ಪೆಟ್ಟಿ ಆಫೀಸರ್. ಹೆಸರು ಮೂರು, ದರ್ಜೆ ಒಂದೇ. ಯಾರು ಮಾತಿನಲ್ಲಿ ಗೆದ್ದರೂ ಯಾರು ಸೋತರೂ ಆ ದರ್ಜೆ ಅಲ್ಲಾಡುವುದಿಲ್ಲ. ಕೆಳಗಿನ ನೆಲ ಸಮವಾಗಿದೆ, ಅದಕ್ಕೇ ಮೇಲಿನ ಪೈಪೋಟಿ ಆಟವಾಗಿದೆ.

ಆ ತಮಾಷೆಗೆ ಒಂದು ಗೆರೆಯೂ ಇದೆ. ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಅವರನ್ನು ನೀವು ಮರೆತಿರಲಾರಿರಿ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ 40 ಮಂದಿ ಸಿಆರ್‌ಪಿಎಫ್ ಯೋಧರಲ್ಲಿ ಅವರೂ ಒಬ್ಬರು. ಸಿಆರ್‌ಪಿಎಫ್ ಗೃಹ ಇಲಾಖೆಗೆ ಸೇರಿದ ಪಡೆ, ರಕ್ಷಣಾ ಇಲಾಖೆಯದಲ್ಲ. ಬೇರೆ ದಿನ ನಮ್ಮ ಮೂವರೂ ಒಂದಾಗಿ ಸಿಆರ್‌ಪಿಎಫ್‌ನವರನ್ನೂ ರೇಗಿಸುತ್ತಾರೆ. ಗುರು ಅವರ ಹೆಸರು ಬಂದ ದಿನ ಮಾತ್ರ ಮೂವರೂ ಎದ್ದು ನಿಲ್ಲುತ್ತಾರೆ. ಮೂರು ಬಗೆಯ ಸಲ್ಯೂಟ್ ಒಟ್ಟಿಗೆ ಮೇಲೇಳುತ್ತದೆ.

ಈಗ ಇನ್ನೊಂದು ಬಗೆಯ ಪೈಪೋಟಿಯನ್ನು ನೋಡಿ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಮಹಾರ್ ಸೈನಿಕರು ಹೋರಾಡಿದ್ದರು. ಅಲ್ಲಿನ ಕಂಬದ ಮೇಲೆ ಅವರ ಹೆಸರುಗಳಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿದ್ದರು. ಅಷ್ಟೆಲ್ಲ ಹೋರಾಡಿದ ಜನರನ್ನು 1890ರ ದಶಕದ ಹೊತ್ತಿಗೆ ಬ್ರಿಟಿಷರು ಸೇನೆಗೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಹುಟ್ಟಿದವು, ಉಳಿದವು ಅಲ್ಲ ಎಂಬ ಲೆಕ್ಕ ಅವರದು. ಅಖಾಡಕ್ಕೇ ಇಳಿಯಗೊಡದೆ "ನೀನು ಸೋತೆ" ಎಂದ ಹಾಗೆ. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ 1917ರಲ್ಲಿ ಒಂದು ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿದ ಮೇಲೆ 1921ರಲ್ಲಿ ಅದನ್ನೂ ವಿಸರ್ಜಿಸಿದರು.

ಬಾಬಾಸಾಹೇಬರು ಬಿಡಲಿಲ್ಲ. 1941ರಲ್ಲಿ ವೈಸರಾಯ್ ಅವರ ರಾಷ್ಟ್ರೀಯ ರಕ್ಷಣಾ ಮಂಡಳಿಯ ಸದಸ್ಯರಾದರು, ತಮ್ಮ ಜನರಿಗೆ ಸೇನೆಯ ಬಾಗಿಲು ತೆರೆಯಬೇಕೆಂದು ಒತ್ತಾಯಿಸಿದರು. ಅದೇ ವರ್ಷ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಎಲ್ಲಿ ಗೊತ್ತೇ? ನಮ್ಮ ಬೆಳಗಾವಿಯಲ್ಲಿ. ಇಂದು ಆ ರೆಜಿಮೆಂಟಿನಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ. 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅದೇ ರೆಜಿಮೆಂಟಿನವರು.

ಜಾತಿ ಎಂಬುದು ಕೆಲಸವನ್ನು ಹಂಚುವ ಏರ್ಪಾಡಲ್ಲ, ಕೆಲಸ ಮಾಡುವವರನ್ನೇ ಒಡೆಯುವ ಏರ್ಪಾಡು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ನೆಲ, ನೀರು, ಆಕಾಶ ಎಂದು ಪಡೆಗಳು ಹಂಚಿಕೊಂಡಿರುವುದು ಕೆಲಸ. ಅಲ್ಲಿ ತಮಾಷೆ ಸಾಧ್ಯ. ಮೆಟ್ಟಿಲ ಮೇಲೆ ಮೆಟ್ಟಿಲು ಇಟ್ಟು, ಪ್ರತಿಯೊಬ್ಬನಿಗೂ ತುಳಿಯಲು ಕೆಳಗೊಬ್ಬನನ್ನು ಕೊಟ್ಟ ಕಡೆ ತಮಾಷೆ ಬೈಗುಳವಾಗುತ್ತದೆ.

ಭಗವಾನರ ಕಾಲದ ಒಬ್ಬ ಸೇನಾಪತಿಯ ಕತೆ ಅಂಗುತ್ತರ ನಿಕಾಯದಲ್ಲಿದೆ. ವೈಶಾಲಿಯ ಲಿಚ್ಛವಿಗಳ ಸೇನಾಪತಿ ಸೀಹ. ಅವನು ನಿಗಂಠರ, ಅಂದರೆ ಜೈನ ಶ್ರಮಣರ ಅನುಯಾಯಿ. ಬುದ್ಧರನ್ನು ನೋಡಬೇಕೆಂದು ಆಸೆ. ಗುರುಗಳು ಬೇಡವೆಂದರೂ ಕೊನೆಗೆ ಬಂದ, ಪ್ರಶ್ನೆ ಕೇಳಿದ, ಉತ್ತರಗಳಿಂದ ತೃಪ್ತನಾದ. ನಿಮ್ಮ ಉಪಾಸಕನಾಗುತ್ತೇನೆ ಎಂದ. ಬುದ್ಧರು, ನಿನ್ನಂಥ ಹೆಸರಾದವನು ಚೆನ್ನಾಗಿ ವಿಚಾರಿಸಿ ಹೆಜ್ಜೆ ಇಡುವುದು ಒಳ್ಳೆಯದು ಎಂದರು. ಸೀಹನಿಗೆ ಆಶ್ಚರ್ಯ. ಬೇರೆ ಪಂಥದವರಾಗಿದ್ದರೆ, ಸೇನಾಪತಿ ಸೀಹ ನಮ್ಮವನಾದ ಎಂದು ವೈಶಾಲಿಯ ತುಂಬ ಬಾವುಟ ಹಿಡಿದು ಸಾರಿಬಿಡುತ್ತಿದ್ದರು ಎಂದ. ಬುದ್ಧರು ಇನ್ನೊಂದು ಮಾತು ಹೇಳಿದರು: ನಿನ್ನ ಮನೆ ಬಹಳ ಕಾಲದಿಂದ ನಿಗಂಠರಿಗೆ ನೀರಿನ ಬಾವಿಯ ಹಾಗೆ ಇದೆ. ಇನ್ನು ಮುಂದೆಯೂ ಅವರು ಬಂದಾಗ ಭಿಕ್ಷೆ ಕೊಡುವುದನ್ನು ನಿಲ್ಲಿಸಬೇಡ.

ವಾದದಲ್ಲಿ ಎದುರಾಳಿಗಳು, ಅನ್ನದಲ್ಲಿ ಭೇದವಿಲ್ಲ. ಗೆದ್ದ ಗುರು ಬಾವುಟ ಹಾರಿಸಲಿಲ್ಲ, ಎದುರು ಪಂಥದವರ ಊಟದ ಬಗ್ಗೆ ಯೋಚಿಸಿದರು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮ ಮೂರು ಊರಿನವರಲ್ಲೂ ಪೈಪೋಟಿ ಇದೆ. ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನಕ್ಕೆ ಮಳವಳ್ಳಿಯವರು ಎರಡು ಬಸ್ಸು ತುಂಬಿಸಿಕೊಂಡು ಬಂದರು. ಮಂಡ್ಯದವರದು ಒಂದೇ ಬಸ್ಸು, ಅದರಲ್ಲೂ ಹಿಂದಿನ ಸೀಟು ಖಾಲಿ. ಮದ್ದೂರಿನವರು ವಡೆ ತಂದು ಎಲ್ಲರ ಬಾಯಿ ಮುಚ್ಚಿಸಿದರು. ಇದೆಲ್ಲ ಚೆಂದ. ಮುಂದಿನ ವರ್ಷ ಮಂಡ್ಯದವರು ಮೂರು ಬಸ್ಸು ತರಲಿ, ಧಮ್ಮಕ್ಕೆ ಲಾಭ.

ಆದರೆ ಹೋದ ವಾರ ಭಂತೇಜಿ ಯಾವ ಊರಿಗೆ ಮೊದಲು ಬರಬೇಕು ಎಂಬ ಚರ್ಚೆ ಗುಂಪಿನಲ್ಲಿ ಬೆಳೆಯಿತು. ಕೊನೆಗೆ ಒಂದು ಸಂದೇಶ ಬಂತು: "ನೀವು ಯಾವ ಕಡೆಯವರು ಅಂತ ನಮಗೆ ಗೊತ್ತಿಲ್ವಾ?" ಕಳಿಸಿದವರು ಐದು ನಿಮಿಷದಲ್ಲಿ ಅಳಿಸಿದರು. ಅಷ್ಟರಲ್ಲಿ ಓದಬೇಕಾದವರು ಓದಿಯಾಗಿತ್ತು. ಬಲಗೈ ಎಡಗೈ ಎಂಬ ಆ ಹಳೆಯ ಅಳತೆಗೋಲು ದೀಕ್ಷೆಯ ಬಿಳಿ ಬಟ್ಟೆಯೊಳಗೂ ಉಳಿದಿದೆ ಎಂದು ಎಲ್ಲರಿಗೂ ತಿಳಿಯಿತು. ವರ್ಷವೂ ತಪ್ಪದೆ ಬರುತ್ತಿದ್ದ ಒಬ್ಬ ತಂಗಿ ನಿನ್ನೆ ಮೇಣದಬತ್ತಿ ಹಚ್ಚಲು ಬರಲಿಲ್ಲ.

22 ಪ್ರತಿಜ್ಞೆಗಳಲ್ಲಿ 9 ಮತ್ತು 10ನೆಯವನ್ನು ಇವತ್ತು ಮತ್ತೆ ಓದಿ. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಮೊದಲನೆಯದು. ಆ ಸಮಾನತೆಯನ್ನು ನೆಲೆಗೊಳಿಸಲು ದುಡಿಯುವುದು ಎರಡನೆಯದು. ನಂಬಿದರೆ ಸಾಲದು ಎಂದೇ ಬಾಬಾಸಾಹೇಬರು ಎರಡಾಗಿ ಹೇಳಿಸಿದರು ಎಂದು ನನಗೆ ಅನಿಸುತ್ತದೆ.

ಧಮ್ಮದಲ್ಲಿ ಈ ರೋಗಕ್ಕೆ 'ಮಾನ' ಎಂದು ಹೆಸರು. ಅದು ಮೂರು ಬಗೆ. ನಾನು ಅವನಿಗಿಂತ ಮೇಲು ಎಂಬುದು ಒಂದು. ನಾನು ಅವನಿಗಿಂತ ಕೀಳು ಎಂಬುದು ಇನ್ನೊಂದು. ನಾನೇನು ಅವನಿಗೆ ಕಮ್ಮಿಯೇ ಎಂದು ಹೊತ್ತು ಹೊತ್ತಿಗೂ ಅಳೆದು ನೋಡುವುದು ಮೂರನೆಯದು. ನಮ್ಮ ಮೂವರು ಸೈನಿಕರು ಬಸ್ಸು, ಬಾವುಟ, ಸಲ್ಯೂಟುಗಳನ್ನು ಅಳೆದು ನಗುತ್ತಾರೆ. ಒಬ್ಬರನ್ನೊಬ್ಬರು ಅಳೆಯುವುದಿಲ್ಲ.

ಮಹಾನದಿಗಳು ಸಮುದ್ರ ಸೇರಿದ ಮೇಲೆ ತಮ್ಮ ಹಳೆಯ ಹೆಸರು ಬಿಡುವ ಹಾಗೆ ಸಂಘಕ್ಕೆ ಬಂದವರು ಹಳೆಯ ಕುಲದ ಹೆಸರು ಬಿಡುತ್ತಾರೆ ಎಂದು ಭಗವಾನರು ಹೇಳಿದ್ದರು. ನಮಗೆ ಅಷ್ಟು ದೂರ ಹೋಗುವುದೂ ಬೇಡ. ಮದ್ದೂರಿನ ಪಕ್ಕ ಹರಿಯುವ ಶಿಂಷೆ ಮಳವಳ್ಳಿ ಕಡೆ ಹೋಗಿ ಕಾವೇರಿಗೆ ಸೇರುತ್ತಾಳೆ. ಸೇರಿದ ಮೇಲೆ ಒಂದು ಬೊಗಸೆ ನೀರು ಎತ್ತಿ, ಇದರಲ್ಲಿ ಶಿಂಷೆ ಎಷ್ಟು, ಕಾವೇರಿ ಎಷ್ಟು ಎಂದು ಯಾರು ಹೇಳುತ್ತಾರೆ?

ನಮ್ಮ ಪಂಚಶೀಲ ಧ್ವಜವನ್ನು ನೋಡಿ. ನೀಲಿ, ಹಳದಿ, ಕೆಂಪು, ಬಿಳಿ, ಕೇಸರಿ ಪಟ್ಟಿಗಳು ಒಂದರ ಪಕ್ಕ ಒಂದು ಉದ್ದಕ್ಕೆ ನಿಂತಿವೆ. ಕೊನೆಯ ಪಟ್ಟಿಯಲ್ಲಿ ಐದೂ ಬಣ್ಣ ಸೇರಿವೆ.

ಇಂದಿನ ಅಭ್ಯಾಸ:

1. ಧ್ವಜ ದಿನದ ಬಾವುಟ ಮಾರುವವರು ಸಿಕ್ಕರೆ ಕೈಲಾದಷ್ಟು ಕೊಟ್ಟು ಚುಚ್ಚಿಕೊಳ್ಳಿ. ನಿಮ್ಮ ಬೀದಿಯಲ್ಲಿ ನಿವೃತ್ತ ಸೈನಿಕರಿದ್ದರೆ ಮಾತಾಡಿಸಿ ಬನ್ನಿ.

2. ಇವತ್ತು ಯಾರನ್ನಾದರೂ ರೇಗಿಸುವ ಮುಂಚೆ ಒಂದು ಉಸಿರು ನಿಲ್ಲಿ. ಅವರು ಇದೇ ಮಾತನ್ನು ತಿರುಗಿ ನನಗೆ ಹೇಳಿದರೆ ನಗುತ್ತೇನೆಯೇ ಎಂದು ಕೇಳಿಕೊಳ್ಳಿ. ನಗು ಬಂದರೆ ಧಾರಾಳವಾಗಿ ಹೇಳಿ.

3. ಸಂಜೆ ಆರು ಗಂಟೆಗೆ ನಾವು ಕೆಲವರು ಆ ತಂಗಿಯ ಮನೆಗೆ ಹೋಗುತ್ತಿದ್ದೇವೆ. ಮೂರೂ ಊರಿನಿಂದ ಒಬ್ಬೊಬ್ಬರಾದರೂ ಬನ್ನಿ. ಸಂದೇಶ ಕಳಿಸಿದವರೂ ಬರಲಿ ಎಂದು ನನ್ನ ಕೋರಿಕೆ. ಅಲ್ಲಿ ಭಾಷಣ ಬೇಡ. ಅವರ ಮನೆಯಲ್ಲಿ ಕೂತು ಊಟ ಮಾಡಿ ಬರೋಣ. ಮೂವರು ಸೈನಿಕರೂ ಬರುತ್ತೇವೆ ಎಂದಿದ್ದಾರೆ. ಯಾರು ಮೊದಲು ತಲುಪುತ್ತಾರೆ ಎಂದು ಆಗಲೇ ಪಂದ್ಯ ಕಟ್ಟಿಕೊಂಡಿದ್ದಾರೆ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.